ಕೆಂಚಿಯ ಹಲ್ಲು, ಅವ್ವನ ಹಲ್ಲು

ಈಗಲೂ ಯಾವ ಬೆಕ್ಕು ಆಕಳಿಸಿದರೂ ನನ್ನ ಕಣ್ಣು ಮೊದಲು ಅದರ ಒಸಡಿಗೆ ಹೋಗುತ್ತದೆ. ಗುಲಾಬಿ ಬಣ್ಣ ಕಂಡರೆ ಉಸಿರು ಬಿಡುತ್ತೇನೆ. ಬಳ್ಳಾರಿಯ ಪಾರ್ವತಿನಗರದ ನಮ್ಮ ಓಣಿಯ ಕಾಂಪೌಂಡುಗಳ ಮೇಲೆ ಮಲಗಿರುವ ಬೆಕ್ಕುಗಳು ನನ್ನವಲ್ಲ, ಅವಕ್ಕೆ ನನ್ನ ಗುರುತೂ ಇಲ್ಲ. ಆದರೂ ಆಫೀಸಿಗೆ ಹೊರಟವಳು ನಿಂತು, ಅವು ಬಾಯಿ ತೆರೆಯಲಿ ಎಂದು ಕಾಯುತ್ತೇನೆ. ನಮ್ಮ ಕೆಂಚಿಯ ಒಸಡು ಒಂದು ಬೆಳಿಗ್ಗೆ ಕಾಫಿಯ ಬಣ್ಣಕ್ಕೆ ತಿರುಗಿದ್ದನ್ನು ಕಂಡಾಗಿನಿಂದ ಈ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಬೆಕ್ಕಿಗೆ ಹಲ್ಲುನೋವು ಎಂದರೆ ಜನ ನಗುತ್ತಾರೆ. ನಗಲಿ. ಆದರೆ ಎಲ್ಲೋ ಒಂದು ಮನೆಯಲ್ಲಿ ಈ ಹೊತ್ತು ಒಂದು ಬೆಕ್ಕೋ ನಾಯಿಯೋ ಹಸಿದು ತಟ್ಟೆಯ ತನಕ ಬಂದು, ಮೂಸಿ, ಹಿಂದೆ ಸರಿದು ಮೂಲೆ ಸೇರುತ್ತಿರಬಹುದು. ಆ ಮನೆಯವರಿಗಾಗಿ ಬರೆಯುತ್ತಿದ್ದೇನೆ. ಬರೆಯಲೇ ಎಂದು ಅವ್ವನನ್ನು ಕೇಳಿದ್ದೆ. "ಬರಿ. ನನ್ನ ಮುಖ ನೋಡಿ ಏನೂ ಬಿಡಬ್ಯಾಡ" ಎಂದಳು.

ಅವ್ವ ಸಿರುಗುಪ್ಪದಲ್ಲಿ ನನ್ನ ತಮ್ಮ ಈರೇಶನ ಜೊತೆ ಇರುತ್ತಾಳೆ. ಈರೇಶ ಅಕ್ಕಿ ಗಿರಣಿಯೊಂದರಲ್ಲಿ ಸೂಪರ್‌ವೈಸರ್. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಗಿರಣಿಯ ಮಗ್ಗುಲಲ್ಲೇ ಮನೆ ಇರುವುದರಿಂದ ಅವರಿಗೆ ಇಲಿಗಳ ಕಾಟ. ಅದಕ್ಕೇ ಕುರುಗೋಡಿನ ಚಿಗವ್ವ, ಅಂದರೆ ಅವ್ವನ ತಂಗಿ, ತನ್ನ ಮನೆಯ ಬೆಕ್ಕು ಮರಿ ಹಾಕಿದಾಗ ಒಂದನ್ನು ಬಿದಿರಿನ ಪುಟ್ಟಿಯಲ್ಲಿಟ್ಟು ತಂದುಕೊಟ್ಟಿದ್ದಳು. ಕೆಂಪು ಕೂದಲಿನ ಹೆಣ್ಣು ಮರಿ. ಕೆಂಚಿ ಎಂದು ಹೆಸರಾಯಿತು. ಅದು ಇಲಿ ಹಿಡಿದದ್ದಕ್ಕಿಂತ ಅವ್ವನ ಪೂಜೆಯ ಹೊತ್ತಿಗೆ ಪಕ್ಕದಲ್ಲಿ ಕೂತದ್ದೇ ಹೆಚ್ಚು. ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಬೆರಳಿನಲ್ಲಿ ಉಳಿದದ್ದನ್ನು ಅವ್ವ ಕೆಂಚಿಯ ಹಣೆಗೆ ಒರೆಸುತ್ತಿದ್ದಳು. ಅದು ಕಣ್ಣು ಮುಚ್ಚಿ ಹಚ್ಚಿಸಿಕೊಳ್ಳುತ್ತಿತ್ತು.

ಹೋದ ಚಳಿಗಾಲದಲ್ಲಿ ಕೆಂಚಿ ಊಟ ಬಿಟ್ಟಿತು. ಹಾಲನ್ನದ ಬಟ್ಟಲು ಇಟ್ಟರೆ ಓಡಿ ಬರುತ್ತಿತ್ತು. ಒಂದು ತುತ್ತು ಬಾಯಿಗೆ ಹಾಕಿಕೊಂಡು ಚೀರಿ, ಬಟ್ಟಲೇ ಕಚ್ಚಿತೇನೋ ಎಂಬಂತೆ ಅದರತ್ತ ಹಲ್ಲು ಕಿರಿದು, ಕಪಾಟಿನ ಸಂದಿಗೆ ಓಡುತ್ತಿತ್ತು. ಗದ್ದದ ಕೂದಲು ಜೊಲ್ಲಿನಿಂದ ಅಂಟಿಕೊಂಡಿರುತ್ತಿತ್ತು. ಹತ್ತಿರ ಬಂದರೆ ವಾಸನೆ. ಅದೇ ದಿನಗಳಲ್ಲಿ ಅವ್ವನಿಗೂ ಹಲ್ಲಿನ ತೊಂದರೆ ಜೋರಾಗಿತ್ತು. ಸಕ್ಕರೆ ಕಾಯಿಲೆಯಿಂದ ಹಲ್ಲುಗಳೆಲ್ಲ ಸಡಿಲಾಗಿವೆ, ತೆಗೆಸಿ ಸೆಟ್ ಹಾಕಿಸಬೇಕು ಎಂದು ಬಳ್ಳಾರಿಯ ದಂತವೈದ್ಯರು ಹೇಳಿದ್ದರು. ಕೆಂಚಿಯ ಕಾಯಿಲೆ ಏನೆಂದು ನಮ್ಮೆಲ್ಲರಿಗಿಂತ ಮೊದಲು ಹೇಳಿದವಳು ಅವಳೇ.

"ಆಕೀಗೂ ಹಲ್ಲು ನೋವು ಐತಿ."

ಈರೇಶ ನಕ್ಕ. "ಅವ್ವಾ, ನಿನಗ ಹಲ್ಲು ನೋವಂತ ಊರಿಗೆಲ್ಲಾ ಹಲ್ಲು ನೋವೇನು? ಹಿತ್ತಲದಾಗ ಎಮ್ಮಿ ಐತಿ, ಅದನ್ನೂ ಕೇಳು."

"ನೋಡ್ಲೇ ಇಲ್ಲಿ. ಆಕಿ ತಲಿ ಓರೆ ಮಾಡಿ ಅಗೀತಾಳ. ನಾನೂ ಹಂಗ ಅಗೀತೀನಿ. ಆಕೀವು ಎಡಗಡೀವು ಹೋಗ್ಯಾವು."

ಅವಳ ಮಾತು ಸುಳ್ಳಾಗಲಿಲ್ಲ.

ಅವ್ವ ತನ್ನ ಹಲ್ಲು ತೋರಿಸಲು ಬಳ್ಳಾರಿಗೆ ಬರುವಾಗ ಕೆಂಚಿಯನ್ನೂ ಪುಟ್ಟಿಯಲ್ಲಿ ಕರೆತಂದಳು. ಬಸ್ಸಿನಲ್ಲಿ ಕಂಡಕ್ಟರ್ ಪುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿ, "ಹೆಣ್ಣೋ ಗಂಡೋ? ಹೆಣ್ಣಾದ್ರ ಫ್ರೀ, ಗಂಡಾದ್ರ ರೊಕ್ಕ ಕೊಡಬೇಕಾಗ್ತೈತಿ ನೋಡವ್ವ" ಎಂದನಂತೆ. "ಹೆಣ್ಣಪ್ಪ. ಆಧಾರ್ ಕಾರ್ಡ್ ಮಾತ್ರ ಇಲ್ಲ" ಎಂದಳಂತೆ ಅವ್ವ. ಮನೆಗೆ ಬಂದವಳೇ ಚೀಲ ಇಳಿಸುವ ಮೊದಲು ಇದನ್ನು ಹೇಳಿ ನಕ್ಕಳು.

ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಡಾಕ್ಟರು ಕೆಂಚಿಯನ್ನು ಟವೆಲ್ಲಿನಲ್ಲಿ ಸುತ್ತಿ ತುಟಿ ಎತ್ತಿದರು. ನಾನು ನೋಡಲಾರದೆ ಗೋಡೆಯ ಕಡೆ ತಿರುಗಿದೆ. ಅವ್ವ ಬಗ್ಗಿ ನೋಡಿದಳು.

"ಪಾಪ, ಎಷ್ಟು ದಿನದಿಂದ ತಡಕೊಂಡೈತೋ ಇದು" ಎಂದರು ಡಾಕ್ಟರು. "ಒಸಡೆಲ್ಲಾ ಹುಣ್ಣಾಗ್ಯಾವು. ಹಿಂದಿನ ಹಲ್ಲು ಅಷ್ಟೂ ತೆಗಿಬೇಕಾಗ್ತೈತ್ರಿ. ಊಟಕ್ಕ ಏನು ಹಾಕ್ತೀರಿ?"

"ಹಾಲು ಅನ್ನರೀ. ಮೊಸರನ್ನ. ಹಬ್ಬ ಇದ್ರ ಹೋಳಿಗಿ."

"ತತ್ತಿ, ಮೀನು?"

"ಅವು ನಮ್ಮ ಮನಿ ಹೊಸ್ತಿಲ ದಾಟಂಗಿಲ್ರಿ."

"ಬೆಕ್ಕಿಗೂ ಲಿಂಗ ಕಟ್ಟೀರೇನವ್ವ?"

"ಇಲ್ರಿ, ವಿಭೂತಿ ಅಷ್ಟ ಹಚ್ತೀನಿ."

ಡಾಕ್ಟರು ನಕ್ಕರು. ಅವ್ವನೂ ಬಾಯಿ ತುಂಬ ನಕ್ಕಳು. ಆಗ ಅವಳಿಗೆ ಮುಂದಿನ ಹಲ್ಲುಗಳು ಇನ್ನೂ ಇದ್ದವು.

ಶಸ್ತ್ರಚಿಕಿತ್ಸೆಯ ದಿನ ಹೊರಗೆ ಕಾಯುವುದೇ ದೊಡ್ಡ ಕೆಲಸವಾಯಿತು. ಅರಿವಳಿಕೆ ಕೊಟ್ಟ ಮೇಲೆ ಕೆಲವು ಏಳುವುದಿಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ ಎಂದು ಡಾಕ್ಟರು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ನಮ್ಮ ಪಕ್ಕದಲ್ಲಿ ರೂಪನಗುಡಿಯ ರೈತರೊಬ್ಬರು ದೊಡ್ಡ ಕರಿ ನಾಯಿಯ ಹಗ್ಗ ಹಿಡಿದು ಕೂತಿದ್ದರು. ಎಲುಬು ಕಡಿದು ಅದರ ಹಲ್ಲೊಂದು ಸೀಳಿ, ಕಣ್ಣಿನ ಕೆಳಗೆ ಕೀವು ತುಂಬಿತ್ತು.

"ನಮ್ಮ ರಾಜಾಗ ಎಲುಬು ತಿಂದು ಹಲ್ಲು ಹೋಗೇತಿ, ನಿಮ್ಮದಕ್ಕ ಹಾಲುಂಡು ಹೋಗ್ಯಾವು" ಎಂದರು ಅವರು. "ಹಂಗಾದ್ರ ಇವು ಏನ್ ತಿನ್ನಬೇಕಂತವ್ವ?"

"ನಮ್ಮ ತಲಿ ತಿನ್ನಬೇಕ್ರಿ" ಎಂದಳು ಅವ್ವ. ಅವರು ಜೋರಾಗಿ ನಕ್ಕರು. ಭಯದ ನಡುವೆ ಹೀಗೆ ಯಾರೋ ನಗಿಸಿದ್ದು ನಿಮ್ಮ ನೆನಪಿನಲ್ಲೂ ಉಳಿಯುತ್ತದೆ, ನೋಡಿ.

ಕೆಂಚಿ ಎದ್ದಿತು. ತೂರಾಡುತ್ತಾ, ನಾಲಗೆ ಚಾಚಿಕೊಂಡು, ಆದರೆ ಎದ್ದಿತು.

ಮುಂದಿನ ದಿನಗಳಲ್ಲಿ ಅವ್ವನ ಉಳಿದ ಹಲ್ಲುಗಳೂ ಹೋದವು. ಪಾರ್ವತಿನಗರದ ನನ್ನ ಸಣ್ಣ ಮನೆಯಲ್ಲಿ ಎರಡು ಊದಿದ ಬಾಯಿಗಳು ಇದ್ದವು. ನಾನು ಅನ್ನವನ್ನು ಮೆತ್ತಗೆ ಕಿವುಚಿ, ಮೊಸರು ಕಲಸಿ, ಒಂದು ತಟ್ಟೆ ಅವ್ವನಿಗೆ, ಒಂದು ಬಟ್ಟಲು ಕೆಂಚಿಗೆ ಇಡುತ್ತಿದ್ದೆ. ಒಂದು ಮಧ್ಯಾಹ್ನ ಕೆಂಚಿ ಬಟ್ಟಲಿನ ಹತ್ತಿರ ಹೋಯಿತು. ನಾವಿಬ್ಬರೂ ಅಲುಗಾಡದೆ ನೋಡುತ್ತಿದ್ದೆವು. ತಿಂದಿತು. ಚೀರಲಿಲ್ಲ. ಮತ್ತೆ ತಿಂದಿತು, ತಳ ನೆಕ್ಕಿತು. ಅವ್ವ ತನ್ನ ತುತ್ತನ್ನು ಕೈಯಲ್ಲೇ ಹಿಡಿದು ಅತ್ತಳು.

ಒಂದು ಸಂಗತಿ ಮಾತ್ರ ನನಗೆ ಆಗ ದೊಡ್ಡದೆನಿಸಲಿಲ್ಲ. ಒಸಡು ಮಾಗುವ ತನಕ ಸೆಟ್ ಹಾಕಲಾಗದು ಎಂದು ದಂತವೈದ್ಯರು ಹೇಳಿದ್ದರು. ಬೋಳು ಬಾಯಿಯನ್ನು ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಅವ್ವ ತೀರ್ಮಾನಿಸಿಬಿಟ್ಟಳು. ಹಾಲು ಹಾಕುವವನು ಬಂದರೂ ಸೆರಗು ಬಾಯಿಗೆ ಹೋಗುತ್ತಿತ್ತು. ಗಂಡಸರು ಯಾರೇ ಎದುರಿಗಿದ್ದರೂ ಮಾತಿಲ್ಲ. ತಲೆಯಾಡಿಸುವುದು, ಇಲ್ಲವೇ ನನ್ನ ಕಡೆ ಕಣ್ಣು ಮಾಡುವುದು. ನಮ್ಮ ಅಜ್ಜಿಯೂ ಹೀಗೇ ಇದ್ದಳಂತೆ. ಸೆಟ್ ಬಂದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ.

ಡಾಕ್ಟರು ಕೆಂಚಿಯ ಬಾಯಿ ನೋಡಿ ಚೆನ್ನಾಗಿ ಮಾಗುತ್ತಿದೆ ಎಂದ ಮೇಲೆ ನೋವಿನ ಹನಿ ಔಷಧಿ ನಿಂತಿತು. ಒಂದು ಶನಿವಾರ ಇಬ್ಬರನ್ನೂ ಸಿರುಗುಪ್ಪಕ್ಕೆ ಬಿಡಲು ನಾನೇ ಹೋದೆ.

ಭಾನುವಾರ ಬೆಳಿಗ್ಗೆ ಕೆಂಚಿ ಸ್ವಲ್ಪ ಮಂಕಾಗಿತ್ತು. ಮುಂಗಾಲಿನಿಂದ ಕೆನ್ನೆ ಉಜ್ಜಿಕೊಳ್ಳುತ್ತಿತ್ತು. ನಾನು ಸ್ನಾನ, ಬಟ್ಟೆ, ತಿಂಡಿ ಎಂದು ಓಡಾಡಿ, ಬಿಸಿಲು ಏರಿದ ಮೇಲೆ ಹಿತ್ತಲಿಗೆ ಹೋಗಿ ನೋಡಿದರೆ ಅದು ಬಚ್ಚಲ ಕಟ್ಟೆಗೆ ಒರಗಿ ಕೂತಿತ್ತು. ಮುಖ ಊದಿ ಕಣ್ಣುಗಳು ಗೆರೆಯಾಗಿದ್ದವು. ಪಂಜಗಳೂ ಊದಿದ್ದವು. ಬಾಯಿ ತೆರೆದು ನಾಯಿಯಂತೆ ಉಸಿರಾಡುತ್ತಿತ್ತು. ತುಟಿ ಎತ್ತಿದೆ. ಒಸಡಿನಲ್ಲಿ ಕೆಂಪು ಎಂಬುದೇ ಇರಲಿಲ್ಲ.

ಊರಿನ ಪಶು ಆಸ್ಪತ್ರೆಯ ಡಾಕ್ಟರು ದನಗಳಿಗೆ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಈರೇಶನ ಗೆಳೆಯ ರಫಿ ಹೇಳಿದ ಕೂಡಲೇ ಕಾರು ತಂದ. ಅವನು ಮತ್ತು ಈರೇಶ ಮುಂದೆ, ನಾನು ಮತ್ತು ಅವ್ವ ಹಿಂದೆ. ಕೆಂಚಿ ಪುಟ್ಟಿಯಲ್ಲಿ, ಅವ್ವನ ತೊಡೆಯ ಮೇಲೆ. ಈರೇಶ ಬಳ್ಳಾರಿಯ ಡಾಕ್ಟರಿಗೆ ಫೋನ್ ಹಚ್ಚಿ, ನಮಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಏನಾದ್ರೂ ಗುಳಿಗಿ, ಔಷಧಿ ಕೊಟ್ಟೀರೇನು ಮನಿಯಾಗ?"

"ಇಲ್ರಿ ಸರ್. ನೀವು ಕೊಟ್ಟಿದ್ದು ಬಿಟ್ರ ಏನೂ ಇಲ್ಲ" ಎಂದ ಈರೇಶ.

"ಖರೇನಾ? ಮನಿಯಾಗ ಎಲ್ಲಾರನೂ ಕೇಳ್ರಿ."

"ಎಲ್ಲಾರೂ ಇಲ್ಲೇ ಅದೀವ್ರಿ ಸರ್, ಯಾರೂ ಕೊಟ್ಟಿಲ್ಲ."

"ಹಂಗಾದ್ರ ಗಾಯದಾಗ ನಂಜು ಆಗಿರಬೇಕು. ಲಗೂನ ಬರ್ರಿ."

ನಾನು ಈ ಜಾಗಕ್ಕೇ ಮತ್ತೆ ಮತ್ತೆ ಬಂದು ನಿಲ್ಲುತ್ತೇನೆ. ತೆಕ್ಕಲಕೋಟೆ ಇನ್ನೂ ಬಂದಿರಲಿಲ್ಲ. ಎರಡೂ ಕಡೆ ಭತ್ತದ ಗದ್ದೆ. ಅವ್ವನ ಎಡಗೈ ಕೆಂಚಿಯ ಬೆನ್ನ ಮೇಲಿತ್ತು, ಬಲಗೈ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿತ್ತು. ಅವಳು ನನ್ನ ಕಡೆ ನೋಡಿದಳು. ಏನೋ ಹೇಳುವಂತೆ ಸೆರಗು ಒಮ್ಮೆ ಸಡಿಲಾಯಿತು. ರಫಿ ಕನ್ನಡಿಯಲ್ಲಿ ಹಿಂದೆ ನೋಡಿ, "ಹೆಂಗೈತಮ್ಮಾ ಬೆಕ್ಕು?" ಎಂದ. ಸೆರಗು ಮತ್ತೆ ಬಿಗಿಯಾಯಿತು. ಅವಳು ಅಳು ತಡೆದುಕೊಳ್ಳುತ್ತಿದ್ದಾಳೆ ಎಂದೇ ನಾನು ತಿಳಿದೆ. ಅವಳ ಭುಜ ಸವರಿದೆ.

ಕ್ಲಿನಿಕ್ಕಿನಲ್ಲಿ ಜನ ಇದ್ದರು. ರೂಪನಗುಡಿಯ ಅದೇ ರೈತರು ರಾಜಾನ ಹೊಲಿಗೆ ಬಿಚ್ಚಿಸಲು ಬಂದಿದ್ದರು, ಅವರದೇ ಪಾಳಿ. ಪುಟ್ಟಿ ನೋಡಿದವರೇ ಎದ್ದು ನಿಂತು, "ನೀವು ಹೋಗ್ರವ್ವ ಮೊದಲ, ನಮ್ಮದು ತಡೀತೈತಿ" ಎಂದರು. ಬಾಗಿಲನ್ನೂ ಅವರೇ ತೆರೆದು ಹಿಡಿದರು. ಅವರು ಈ ಬರಹ ಓದುವುದಿಲ್ಲವೇನೋ. ಓದಿದರೆ, ಆ ಹೊತ್ತಿನಲ್ಲಿ ನಿಮಗೆ ಒಂದು ಮಾತೂ ಹೇಳಲಾಗಲಿಲ್ಲ, ಕ್ಷಮಿಸಿ.

ಡಾಕ್ಟರು ಕೆಂಚಿಯ ತುಟಿ ಎತ್ತಿ ನೋಡಿದರು. ಗಾಯಗಳನ್ನು ನೋಡಲೇ ಇಲ್ಲ. ಒಸಡಿನ ಬಣ್ಣ ನೋಡಿ ಕೈ ನಿಲ್ಲಿಸಿದರು.

"ಇದು ನಂಜಲ್ಲ. ಜ್ವರದ ಗುಳಿಗಿ ಹೋಗೇತಿ ಇದಕ್ಕ. ಪ್ಯಾರಾಸಿಟಮಾಲ್. ಯಾರು ಕೊಟ್ರು?"

"ಯಾರೂ ಕೊಟ್ಟಿಲ್ರಿ ಸರ್" ಎಂದ ಈರೇಶ ಮತ್ತೆ.

ಆಗ ಅವ್ವ ಸೆರಗು ತೆಗೆದಳು. ಡಾಕ್ಟರು, ಸಹಾಯಕ, ರಫಿ, ಬಾಗಿಲಲ್ಲಿ ಆ ರೈತರು, ಇಷ್ಟು ಜನರ ಎದುರು ಅವಳ ಬೋಳು ಬಾಯಿ ತೆರೆಯಿತು.

"ನಾ ಕೊಟ್ಟೆ. ಅರ್ಧ. ಬೆಣ್ಯಾಗ ತೇಯ್ದು ನೆಕ್ಕಿಸಿದೆ."



"ನನಗ ಅದರಿಂದ ನೋವು ಹೋಗಿತ್ರಿ" ಎಂದಳು ಅವ್ವ. "ಹಲ್ಲು ತೆಗೆದ ಜಾಗ ಹೆಂಗ ಸಿಡೀತೈತಿ ಅಂತ ನನಗ ಗೊತ್ತೈತಿ. ಆಕೀಗೂ ಹೋಗಲಿ ಅಂತ ಕೊಟ್ಟೆ."

ನಮಗೆ ದಿನನಿತ್ಯದ ಆ ಗುಳಿಗೆ ಬೆಕ್ಕಿನ ರಕ್ತವನ್ನು ಕೆಡಿಸುತ್ತದೆ. ಅರ್ಧವೇ ಬೇಕಾದಷ್ಟಾಯಿತು. ಇದಕ್ಕಿಂತ ಹೆಚ್ಚು ವಿವರ ನನಗೆ ಆಗಲೂ ಬೇಕಿರಲಿಲ್ಲ, ಈಗಲೂ ಬೇಡ. ಡಾಕ್ಟರು ಒಂದು ಔಷಧಿಯ ಹೆಸರು ಬರೆದುಕೊಟ್ಟರು, ಮನುಷ್ಯರ ಮೆಡಿಕಲ್ ಶಾಪಿನಲ್ಲೇ ಸಿಗುವಂಥದ್ದು. ಈರೇಶನೂ ರಫಿಯೂ ಬೇರೆ ಬೇರೆ ದಿಕ್ಕಿಗೆ ಓಡಿದರು. ಔಷಧಿ ಸಿಕ್ಕಿತು. ಆಮ್ಲಜನಕ ಹಾಕಿದರು. ಮಧ್ಯಾಹ್ನ ಕೆಂಚಿ ಒಮ್ಮೆ ತಲೆ ಎತ್ತಿತು. ಅವ್ವ "ನೋಡು, ನೋಡು" ಎಂದು ನನ್ನ ಕೈ ಹಿಂಡಿದಳು. ಸಂಜೆ ಬಿಸಿಲು ಕೋಟೆಗುಡ್ಡದ ಆಚೆಗೆ ಇಳಿಯುವ ಹೊತ್ತಿಗೆ ಅದರ ಉಸಿರು ನಿಂತಿತು.

ಕಾರಿನಲ್ಲೇ ಹೇಳಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ, ಅವ್ವ ಹೊರಗಿದ್ದಾಗ. ಅವರು ಬಹಳ ಹೊತ್ತು ಕೈ ತೊಳೆದರು.

"ತೆಕ್ಕಲಕೋಟ್ಯಾಗ ಔಷಧಿ ತಗೊಂಡು ದಾರಿಯಾಗ ಕೊಟ್ಟಿದ್ರ, ಉಳೀಬಹುದಿತ್ತು. ಉಳೀದನೂ ಇರಬಹುದಿತ್ತು. ಮನುಷ್ಯರ ಗುಳಿಗಿ ಕೊಡಬ್ಯಾಡ್ರಿ ಅಂತ ನಾನೂ ಮೊದಲ ಹೇಳಬೇಕಾಗಿತ್ತು. ಕೇಳದಿದ್ರೂ ಹೇಳಬೇಕಾಗಿತ್ತು."

ಕೆಂಚಿಯನ್ನು ಸಿರುಗುಪ್ಪಕ್ಕೇ ಒಯ್ದು ಹಿತ್ತಲಿನ ನುಗ್ಗೆಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಅವ್ವನ ಹಲ್ಲುನೋವನ್ನು ಊರಿಗೆಲ್ಲ ಹಂಚಿ ನಕ್ಕಿದ್ದ ಈರೇಶನೇ ಕುಣಿ ತೋಡಿದ. ಮುಚ್ಚುವ ಮೊದಲು ಅವ್ವ ಅದರ ಹಣೆಗೆ ವಿಭೂತಿ ಹಚ್ಚಿದಳು. ಈ ಸಲ ಬೆರಳಲ್ಲಿ ಉಳಿದದ್ದಲ್ಲ, ಗಟ್ಟಿಯಿಂದ ಹೊಸದಾಗಿ ತೇಯ್ದು.

ಕೇಳಿದವರಿಗೆ ಏನು ಹೇಳುವುದು ಎಂದು ನಾನು, ಈರೇಶ ಮಾತಾಡಿಕೊಂಡೆವು. "ಆಪರೇಷನ್ ತಡಕೊಳ್ಳಲಿಲ್ಲ ಅಂದ್ರಾತು" ಎಂದ. ಹಾಗೇ ಹೇಳಿದೆವು. ಕುರುಗೋಡಿನ ಚಿಗವ್ವನಿಗೂ ಫೋನಿನಲ್ಲಿ ಹಾಗೇ ಹೇಳಿದೆವು. ಅವ್ವ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಆಮೇಲೆ ಅವಳ ಹಲ್ಲಿನ ಸೆಟ್ ಬಂತು. ಒಂದೆರಡು ಸಲ ಹಾಕಿಕೊಂಡು, ತೆಗೆದು ಡಬ್ಬಿಯಲ್ಲಿಟ್ಟು ದೇವರ ಗೂಡಿನ ಕೆಳಗೆ ಇಟ್ಟಳು. ಕೇಳಿದರೆ "ಒತ್ತತೈತಿ" ಎನ್ನುತ್ತಾಳೆ. ಸೆಟ್ಟು ಒತ್ತುತ್ತದೆಯೋ ಇನ್ನೇನೋ, ನಾನು ಕೆದಕಿಲ್ಲ. ಮಾತಂತೂ ಇನ್ನೂ ಕಡಿಮೆಯಾಗಿತ್ತು. ನಾನು ಫೋನ್ ಮಾಡಿದರೆ "ಹ್ಞೂಂ" ಮತ್ತು "ಉಂಡೆ", ಇಷ್ಟೇ.

ಕಳೆದ ತಿಂಗಳು ಅವಳನ್ನು ಕುರುಗೋಡಿಗೆ ಕರೆದುಕೊಂಡು ಹೋದೆ. ತಂಗಿಯ ಜೊತೆಗಿದ್ದರೆ ಮನಸ್ಸು ಹಗುರಾದೀತು ಎಂದು. ಪಡಸಾಲೆಯಲ್ಲಿ ಚಿಗವ್ವನ ಗಂಡ, ಅವರನ್ನು ಕಾಣಲು ಬಂದ ಇಬ್ಬರು ಹಿರಿಯರು ಕೂತು ಚಹಾ ಕುಡಿಯುತ್ತಿದ್ದರು. ಅವ್ವ ವಾಡಿಕೆಯಂತೆ ಸೆರಗು ಬಾಯಿಗಿಟ್ಟು ಕಂಬದ ಹಿಂದೆ ಕೂತಳು. ಚಿಗವ್ವನ ಮುದಿ ಬೆಕ್ಕು, ಕೆಂಚಿಯ ತಾಯಿ, ಬಾಗಿಲಲ್ಲಿ ಮುದುಡಿ ಮಲಗಿತ್ತು. ಅದರ ಗದ್ದದ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು.

"ಇದಕ್ಕೂ ಸುರು ಆಗೇತಿ ನೋಡಕ್ಕ" ಎಂದಳು ಚಿಗವ್ವ ಅಡುಗೆಮನೆಯಿಂದಲೇ. "ಆಪರೇಷನ್ ಗಿಪರೇಷನ್ ನಾ ಮಾಡಸಂಗಿಲ್ಲವಾ, ನಿಮ್ಮದು ನೋಡೀನಲ್ಲ. ನೋವಿನ ಗುಳಿಗಿ ಐತಿ, ಅರ್ಧ ಮುರಿದು ಹಾಲಿನಾಗ ಹಾಕ್ತೀನಿ. ಅದರ ಪಾಡಿಗೆ ಅದು ಇರ್ಲಿ."

 ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು. ಸೆರಗು ಜಾರಿ ಸೊಂಟದ ಹತ್ತಿರ ಇತ್ತು, ಅದನ್ನು ಎತ್ತಿಕೊಳ್ಳಲಿಲ್ಲ.

"ಕೊಡಬ್ಯಾಡ."

ಹಿರಿಯರು ತಿರುಗಿ ನೋಡಿದರು. ಚಿಗವ್ವ ಸೌಟು ಹಿಡಿದೇ ಹೊರಗೆ ಬಂದಳು.

"ಆಪರೇಷನ್ನಿನಿಂದ ಸಾಯಲಿಲ್ಲ ಆಕಿ. ಹುಡುಗರು ನನ್ನ ಸಲುವಾಗಿ ಹಂಗ ಹೇಳ್ಯಾರ. ಆ ಡಾಕ್ಟರು ಚಲೋ ಮಾಡಿದ್ದ, ಆಕಿ ಉಣ್ಣಾಕ ಹತ್ತಿದ್ಲು. ನಾ ಅರ್ಧ ಗುಳಿಗಿ ಕೊಟ್ಟೆ, ಸತ್ಲು. ಕಾರಿನಾಗ ಕೇಳಿದಾಗಲೂ ಹೇಳಲಿಲ್ಲ. ಬಾಯಾಗ ಹಲ್ಲಿಲ್ಲಂತ ನಾಚಿಕಿ ಬಂತು ನನಗ."

ಚಿಗವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಅಕ್ಕಾ, ನೀ ಒಬ್ಬಾಕೀನ ಇದನ್ನ ಇಟ್ಕೊಂಡಿದ್ದೇನ" ಎಂದಳು. ಅವ್ವ ಮುದಿ ಬೆಕ್ಕಿನ ಹತ್ತಿರ ಬಗ್ಗಿ ಅದರ ತುಟಿ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಪುಟ್ಟಿ ಐತೇನು?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಕುರುಗೋಡಿನಿಂದ ಬಳ್ಳಾರಿಯ ಬಸ್ಸು ಹತ್ತಿದೆವು. ಸಂತೆಗೆ ಹೋಗುವ ಜನ, ಕಾಲೇಜಿನ ಹುಡುಗರು, ನಿಲ್ಲಲೂ ಜಾಗವಿಲ್ಲ. ಯಾರೋ ಎದ್ದು ಅವ್ವನಿಗೆ ಸೀಟು ಕೊಟ್ಟರು. ತೊಡೆಯ ಮೇಲೆ ಪುಟ್ಟಿ, ಒಳಗೆ ಕೆಂಚಿಯ ತಾಯಿ. ಅದು ಬದುಕುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ವಯಸ್ಸಾಗಿದೆ, ಅರಿವಳಿಕೆ ತಡೆಯುತ್ತದೋ ಇಲ್ಲವೋ. 

ಕಂಡಕ್ಟರ್ ಟಿಕೆಟ್ ಕೊಡುತ್ತಾ ಬಂದು ಪುಟ್ಟಿಯೊಳಗೆ ಇಣುಕಿದ.

"ಎಲ್ಲಿಗವ್ವ ಬೆಕ್ಕಿನ ಸವಾರಿ?"

"ದವಾಖಾನಿಗಪ್ಪ. ಹಲ್ಲು ತೋರಿಸಾಕ."

ಅವ್ವನ ಬಾಯಿ ನೋಡಿ ಕಂಡಕ್ಟರ್ ನಕ್ಕ. ಸುತ್ತ ನಿಂತಿದ್ದ ಹುಡುಗರೂ ನಕ್ಕರು. "ಯಾರ ಹಲ್ಲವ್ವ? ನಿಂದೋ, ಬೆಕ್ಕಿಂದೋ?"

ಸೆರಗು ಅವಳ ಹೆಗಲ ಮೇಲೆ ಇದ್ದಲ್ಲೇ ಇತ್ತು.

"ಬೆಕ್ಕಿಂದು" ಎಂದಳು ಅವ್ವ. "ನಂದು ಮುಗದೈತಿ."